ಪೂರ್ವಿಕರ ಶೋಧನೆಯೂ ನಮ್ಮ ಹೆಣ್ಣುಮಕ್ಕಳೂ

ತನ್ನ ಮನೆತನದ ಮೂಲವನ್ನು ಅರಿಯಬೇಕೆಂಬ ಕುತೂಹಲವು ಮನುಷ್ಯಮಾತ್ರರಿಗೆ ಸಹಜವಾದುದು. ಅಮೆರಿಕಾ ದೇಶದಲ್ಲಿ ಈ ಕುತೂಹಲವು ಒಂದು ವ್ಯಾಸಂಗವಾಗಿಯೇ ಬೆಳೆದಿರುತ್ತದೆ. ಸಮುದ್ರವನ್ನು ದಾಟಿ ಬಂದು, ಕಾಡು ಕಡಿದು, ಮೊದಲು ನೇಗಿಲು ಹೂಡಿದ ತಮ್ಮ ಮುತ್ತಾತನು ಯಾರು, ಅವನ ಹೊಲದ ಎಲ್ಲೆ ಯಾವುದು ಎಂಬುದನ್ನು ಅಲ್ಲಿಯ ಜನರು ಕ್ರಯಪತ್ರಗಳಲ್ಲಿಯೂ, ಮರಣಶಾಸನಗಳಲ್ಲಿಯೂ, ಕಂದಾಯದ ಪಟ್ಟಿಗಳಲ್ಲಿಯೂ, ಮನೆಯ ದೊಡ್ಡ ಬೈಬಲಿನ ಹಾಳೆಗಳಲ್ಲಿ ಹಿರಿಯರು ಬರೆದಿಟ್ಟ ಜನನಮರಣಗಳ ಟಿಪ್ಪಣಿಗಳಲ್ಲಿಯೂ ಹುಡುಕುತ್ತಾರೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯ ಬೇಸಾಯಗಾರನ ಮಗಳು ಇಂತಹ ಶೋಧನೆಯನ್ನು ಮಾಡಬಲ್ಲಳೆ? ಮಾಡಬಲ್ಲಳು, ಮಾಡತಕ್ಕದ್ದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಭೂಮಿಯ ಕಾಗದವು ಕಂದಾಯ ಕಟ್ಟಿದವನು ಯಾರೆಂಬುದನ್ನು ಹೇಳುತ್ತದೆ. ಕೆಸರಿನಲ್ಲಿ ನಿಂತು ನಾಟಿ ಮಾಡಿದವರು ಯಾರೆಂಬುದನ್ನು ಹೇಳುವುದಿಲ್ಲ. ಈ ಭೇದವನ್ನು ತಿಳಿಯದೆ ಪೂರ್ವಿಕರನ್ನು ಹುಡುಕಹೊರಟವಳು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕಳೆದುಕೊಂಡು ಹಿಂದಿರುಗುವಳು.

ನಮ್ಮ ಸೀಮೆಯಲ್ಲಿ ಭೂಮಿಯ ಲೆಕ್ಕವು ಇಂದು ನಿನ್ನೆಯದಲ್ಲ. 1645ರಿಂದ 1660ರ ವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನು ಏರ್ಪಡಿಸಿದ ಕಂದಾಯದ ಕಟ್ಟಳೆಯು ‘ಶಿವಪ್ಪನಾಯಕನ ಶಿಸ್ತು’ ಎಂದು ಇಂದಿಗೂ ಜನರ ಬಾಯಲ್ಲಿದೆ. ನೆಲವನ್ನು ಅದರ ಗುಣಕ್ಕೆ ತಕ್ಕಂತೆ ಐದು ತರಗತಿಗಳಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಖರ್ಚನ್ನೂ ಹುಟ್ಟುವಳಿಯನ್ನೂ ಪರೀಕ್ಷಿಸಿ, ಅರಮನೆಯ ಪಾಲನ್ನು ಗೊತ್ತುಮಾಡಿದನೆಂದು ಪ್ರತೀತಿ. ಅಂದಿನ ಲೆಕ್ಕಗಳನ್ನು ಕಡತಗಳಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಕರಿಯನ್ನೂ ಬಳಿದು, ಒಣಗಿಸಿ, ಮಡಿಸಿ ಮಾಡಿದ ಪುಸ್ತಕಕ್ಕೆ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಬರೆದರೆ ಅಕ್ಷರವು ಬೆಳ್ಳಗೆ ಮೂಡುವುದು. ಶೃಂಗೇರಿಯ ಮಠದಲ್ಲಿಯೂ ಕೆಳದಿಯ ವಸ್ತುಸಂಗ್ರಹಾಲಯದಲ್ಲಿಯೂ ಇಂತಹವು ಉಳಿದುಬಂದಿವೆ. ಇನ್ನು ಕಲ್ಲಿನ ಬರಹಗಳು. ಲೂಯಿ ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ಶಾಸನಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಒಂದೆಡೆ ಸೇರಿವೆ. ಅಂದು ನಗರ ತಾಲ್ಲೂಕೆಂದು ಕರೆಯಲ್ಪಟ್ಟುದೇ ಇಂದಿನ ಹೊಸನಗರ ತಾಲ್ಲೂಕು. ದಾನಶಾಸನಗಳಲ್ಲಿ ದೊರೆಯ ಹೆಸರೂ, ದಾನ ಪಡೆದವರ ಹೆಸರೂ, ಭೂಮಿಯ ನಾಲ್ಕು ಎಲ್ಲೆಗಳೂ ಇರುತ್ತವೆ. ಆ ಭೂಮಿಯನ್ನು ಉಳುತ್ತಿದ್ದವರ ಹೆಸರು ಅಪರೂಪ. ತುರುಗಳನ್ನು ಬಿಡಿಸಹೋಗಿ ಮಡಿದವರ ವೀರಗಲ್ಲುಗಳಲ್ಲಿ ಮಾತ್ರ ಸಾಮಾನ್ಯ ಹಳ್ಳಿಗನ ಹೆಸರು ಕೆಲವೊಮ್ಮೆ ಕಾಣಿಸುತ್ತದೆ. ಕಲ್ಲಿನ ಮೇಲೆ ಹೆಸರು ಬರಬೇಕಾದರೆ ಬಡವನು ಸಾಯಬೇಕಾಗಿತ್ತು.

ಒಂದೊಂದು ಮನೆತನವನ್ನೂ ತಲೆಮಾರಿನಿಂದ ತಲೆಮಾರಿಗೆ ಅನುಸರಿಸಿ ಹೋಗಲು ಸಾಧ್ಯವಾದುದು ಸರ್ವೆಯು ಬಂದ ಮೇಲೆ. ಮೈಸೂರು ಸೀಮೆಯಲ್ಲಿ 1863ರಲ್ಲಿ ಮುಂಬಯಿಯ ಪದ್ಧತಿಯಂತೆ ಅಳತೆಯ ಕಾರ್ಯವು ಆರಂಭವಾಗಿ, ಕ್ರಮಕ್ರಮವಾಗಿ ಮಲೆನಾಡಿಗೂ ಬಂದಿತು. ಅದಕ್ಕೆ ಮುಂಚೆ ಗದ್ದೆಯನ್ನು ಇಷ್ಟು ಖಂಡುಗ ಬಿತ್ತನೆಯದೆಂದು ಹೇಳುತ್ತಿದ್ದರು. ಆ ಮೇಲೆ ಎಕರೆ ಗುಂಟೆಗಳ ಲೆಕ್ಕವೂ, ಪ್ರತಿಯೊಂದು ತುಂಡಿಗೆ ಒಂದು ಸರ್ವೆ ನಂಬರೂ ಆಯಿತು. ಶೋಧಿಸುವವರಿಗೆ ಈ ನಂಬರೇ ಕೈದೀಪ. ಏಕೆಂದರೆ ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆಯುಂಟು. ತಿಮ್ಮಪ್ಪನ ಮಗ ಹುಚ್ಚಪ್ಪ, ಹುಚ್ಚಪ್ಪನ ಮಗ ತಿಮ್ಮಪ್ಪ, ಅವನ ಮಗ ಮತ್ತೆ ಹುಚ್ಚಪ್ಪ ಎಂದು ನೂರು ವರ್ಷಗಳ ಕಾಲ ಎರಡೇ ಹೆಸರುಗಳು ತಿರುಗುತ್ತಿದ್ದರೆ, ಹೆಸರನ್ನು ಮಾತ್ರ ನಂಬಿದವರು ಅಜ್ಜನನ್ನು ಮೊಮ್ಮಗನೆಂದು ತಿಳಿಯುವುದು ಖಂಡಿತ. ಹೆಸರು ತಿರುಗಿದರೂ ಸರ್ವೆ ನಂಬರು ತಿರುಗುವುದಿಲ್ಲ. 45ನೆಯ ನಂಬರು ಮುಂದೆ 45/1, 45/2, 45/3 ಎಂದು ಒಡೆದಿದ್ದರೆ, ಅಲ್ಲಿ ಮೂವರು ಪಾಲುಗಾರರಿಗೆ ಹಿಸ್ಸೆಯಾಯಿತೋ, ಅಥವಾ ಒಂದು ತುಂಡು ಕ್ರಯಕ್ಕೆ ಹೋಯಿತೋ ಎಂದು ವಿಚಾರಿಸುವ ದಾರಿ ತೆರೆಯುತ್ತದೆ.

ಕ್ರಮವು ಹೀಗೆ. ಇಂದಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. 2000ನೆಯ ಇಸವಿಯ ಸುಮಾರಿನಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಯು ಗಣಕಯಂತ್ರಕ್ಕೆ ಸೇರಿತು. ಅದಕ್ಕೆ ಹಿಂದಿನವು ಕೈಬರಹದ ಪಹಣಿಗಳು. ಖಾತೆಯು ಒಬ್ಬರಿಂದ ಒಬ್ಬರಿಗೆ ಬದಲಾದುದಕ್ಕೆ ಮ್ಯುಟೇಷನ್ ರಿಜಿಸ್ಟರಿನಲ್ಲಿ ಕಾರಣ ಬರೆದಿರುತ್ತದೆ: ಕ್ರಯವೋ, ವಿಭಾಗವೋ, ಪೌತಿಯೋ ಎಂದು. ಅದಕ್ಕೂ ಹಿಂದೆ ಹಕ್ಕುದಾಖಲೆಯ ಪುಸ್ತಕ. ಅದಕ್ಕೂ ಹಿಂದೆ ಸರ್ವೆಯ ಟಿಪ್ಪಣಿ ಹಾಗೂ ಆಕಾರಬಂದು. ಅದರಾಚೆಗೆ ಶಾನುಭೋಗರ ಲೆಕ್ಕಗಳು. ವಂಶಪಾರಂಪರ್ಯವಾದ ಶಾನುಭೋಗಿಕೆಯೂ ಪಟೇಲಿಕೆಯೂ 1961ರ ಕಾನೂನಿನಿಂದ ರದ್ದಾದುವು; ಅವರ ಕೈಬರಹವನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಎಳೆದ ಆ ಬರಹವನ್ನು ಓದುವುದನ್ನು ಚುರುಕಾದ ಹುಡುಗಿಯೊಬ್ಬಳು ಒಂದು ಬೇಸಗೆಯ ರಜೆಯಲ್ಲಿ ಕಲಿಯಬಲ್ಲಳು. ಕಲಿಸುವ ಅಜ್ಜಂದಿರು ಎಷ್ಟು ಬೇಸಗೆಗಳ ವರೆಗೆ ನಮಗೆ ಸಿಕ್ಕಾರು?

ಈ ಪುಸ್ತಕಗಳನ್ನು ತೆರೆದ ಕೂಡಲೇ ಎರಡು ಸಣ್ಣ ಮಾತುಗಳು ಕಣ್ಣಿಗೆ ಬೀಳುತ್ತವೆ: ‘ಬಿನ್’, ‘ಕೋಂ’. ಹುಚ್ಚಪ್ಪ ಬಿನ್ ತಿಮ್ಮಪ್ಪ ಎಂದರೆ ತಿಮ್ಮಪ್ಪನ ಮಗ ಹುಚ್ಚಪ್ಪ. ಗಂಗಮ್ಮ ಕೋಂ ಹುಚ್ಚಪ್ಪ ಎಂದರೆ ಹುಚ್ಚಪ್ಪನ ಹೆಂಡತಿ ಗಂಗಮ್ಮ. ಬಿನ್ ಎಂಬುದು ಪುಟಪುಟಕ್ಕೂ ಇರುವುದು. ಕೋಂ ಎಂಬುದನ್ನು ಹುಡುಕಬೇಕು. ಅದು ಸಿಕ್ಕಿದಲ್ಲಿ ಸಾಮಾನ್ಯವಾಗಿ ಆ ಮನೆಯಲ್ಲಿ ಗಂಡಸು ತೀರಿಹೋಗಿರುತ್ತಾನೆ. ಗಂಡನು ಬದುಕಿರುವಷ್ಟು ಕಾಲ ಆಕೆಯ ಹೆಸರಿಗೆ ಪುಸ್ತಕದಲ್ಲಿ ಸ್ಥಳವಿಲ್ಲ. ವಿಧವೆಯಾದ ಮೇಲೆ, ಅದೂ ಮಕ್ಕಳು ಚಿಕ್ಕವರಾಗಿದ್ದರೆ ‘ಮೈನರುಗಳ ಪೋಷಕಿ ತಾಯಿ’ ಎಂದು, ನಾಲ್ಕೈದು ವರ್ಷ ಕಾಣಿಸಿಕೊಂಡು, ಮಗನು ಪ್ರಾಪ್ತವಯಸ್ಕನಾದ ಕೂಡಲೇ ಮರೆಯಾಗುತ್ತಾಳೆ. ಆ ನಾಲ್ಕೈದು ವರ್ಷಗಳಲ್ಲಿ ಆಕೆಯು ತೋಟದ ಕೊನೆ ಇಳಿಸಿ, ಗದ್ದೆ ಮಾಡಿಸಿ, ಕಂದಾಯ ತೀರಿಸಿ, ಮಕ್ಕಳನ್ನು ಸಾಕಿ ಮನೆತನವನ್ನು ಉಳಿಸಿರುವಳು. ನಮ್ಮ ವಿದ್ಯಾರ್ಥಿನಿಯರು ಹಳೆಯ ದಾಖಲೆಯಲ್ಲಿ ‘ಕೋಂ’ ಎಂಬ ಮಾತನ್ನು ಕಂಡರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನಮ್ಮ ಬಿನ್ನಹ.

ಮತ್ತೊಂದು ವರ್ಗದವರು ಈ ಪುಸ್ತಕಗಳಲ್ಲಿ ಇನ್ನೂ ವಿರಳರು. ಅವರು ಗೇಣಿಯ ಒಕ್ಕಲುಗಳು. ಮಲೆನಾಡಿನ ಗದ್ದೆಗಳಲ್ಲಿ ಬಹುಭಾಗವನ್ನು ಉಳುತ್ತಿದ್ದವರು ಅವರೇ. ಖಾತೆಯು ಒಡೆಯರ ಹೆಸರಿನಲ್ಲಿ. ಗೇಣಿಯ ಕರಾರು ಹೆಚ್ಚಾಗಿ ಬಾಯಿಮಾತಿನದು. ಗೇಣಿಯನ್ನು ಅಳೆಯುವ ಕೊಳಗದ ವ್ಯಾಜ್ಯದಿಂದಲೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರ ಸತ್ಯಾಗ್ರಹವು ನಡೆಯಿತು. ಎಚ್. ಗಣಪತಿಯಪ್ಪನವರು ಅದರ ಮುಂದಾಳುಗಳಾಗಿದ್ದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಬೆಂಬಲವಾಗಿ ನಿಂತರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ಕಾನೂನು ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿಯ ಪದ್ಧತಿಯು ರದ್ದಾಯಿತು. ಒಕ್ಕಲುಗಳು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರು. ಭೂನ್ಯಾಯ ಮಂಡಲಿಯು ವಿಚಾರಣೆ ಮಾಡಿ ಅಧಿಭೋಗದ ಹಕ್ಕನ್ನು ಕೊಟ್ಟಿತು. ಮಂಡಲಿಯ ಮುಂದೆ ನಿಂತವನು, ಈ ಭೂಮಿಯನ್ನು ನಾನು ಗೇಣಿಗೆ ಉಳುತ್ತ ಬಂದಿದ್ದೇನೆಂದು ರುಜುಪಡಿಸಬೇಕಾಗಿತ್ತು. ಆದುದರಿಂದ ಒಕ್ಕಲಿನ ಮೊಮ್ಮಗಳಿಗೆ ಆ ಕಡತವೇ ವಂಶದ ಮೊದಲ ಪುಸ್ತಕ. ಅದಕ್ಕೆ ಹಿಂದೆ ಕಾಗದದಲ್ಲಿ ಹೆಸರಿಲ್ಲವೆಂದು ಅವಳು ತಲೆತಗ್ಗಿಸಬೇಕಾದುದಿಲ್ಲ. ಗದ್ದೆಯ ಬದುವನ್ನು ಕಟ್ಟಿದವರು ಅವಳ ಹಿರಿಯರು. ಬದುವು ಇಂದಿಗೂ ಅಲ್ಲೇ ಇದೆ.

ಅಮೆರಿಕಾ ದೇಶದ ದಾಖಲೆಗಳಲ್ಲಿಯೂ ಇದೇ ಲೋಪವಿರುವುದನ್ನು ನಮ್ಮ ವಾಚಕರು ಗಮನಿಸಬೇಕು. ಅಲ್ಲಿ 1790ರಿಂದ 1840ರ ವರೆಗೆ ನಡೆದ ಜನಗಣತಿಗಳಲ್ಲಿ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದು, ಹೆಂಡತಿಮಕ್ಕಳನ್ನು ಬರಿಯ ಸಂಖ್ಯೆಗಳಾಗಿ ಎಣಿಸಿದರು. 1850ರಲ್ಲಿ ಸ್ವತಂತ್ರರಾದವರೆಲ್ಲರ ಹೆಸರುಗಳೂ ಬಂದುವು. ಗುಲಾಮರನ್ನು ಆಗಲೂ 1860ರಲ್ಲಿಯೂ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಗುರುತಿಸಿದರೇ ಹೊರತು ಹೆಸರು ಬರೆಯಲಿಲ್ಲ. ಬಿಡುಗಡೆಯಾದ ಮೇಲೆ, 1870ರ ಗಣತಿಯಲ್ಲಿ, ಅವರ ಹೆಸರುಗಳು ಮೊದಲ ಬಾರಿಗೆ ಎಲ್ಲರೊಡನೆ ಸೇರಿದುವು. ಹತ್ತಿಯ ಹೊಲಗಳಲ್ಲಿ ದುಡಿದವರ ವಂಶಜರು ಇಂದಿಗೂ ತಮ್ಮ ಹಿರಿಯರನ್ನು ಒಡೆಯರ ಕಾಗದಗಳಲ್ಲಿ ತಡಕುತ್ತಿದ್ದಾರೆ. ಅಧ್ಯಕ್ಷ ಲಿಂಕನ್ನರ ಕಾಲದಲ್ಲಿ 1862ರ ಕಾನೂನಿನಂತೆ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ನೆಲವು ದೊರೆಯುತ್ತಿತ್ತು. ಅವಿವಾಹಿತೆಯರೂ ವಿಧವೆಯರೂ ತಮ್ಮ ಹೆಸರಿನಲ್ಲಿಯೇ ಅರ್ಜಿ ಕೊಡಬಹುದಾಗಿತ್ತು. ಅಂತಹ ಅರ್ಜಿಗಳಿಂದ ಎಷ್ಟೋ ಹೆಂಗಸರ ಜೀವನವು ಇಂದು ತಿಳಿದುಬಂದಿದೆ. ಆದರೆ ಆ ನೆಲದಲ್ಲಿ ಮೊದಲಿದ್ದ ಮೂಲನಿವಾಸಿಗಳ ಹೆಸರು ಆ ಅರ್ಜಿಗಳಲ್ಲಿ ಎಲ್ಲಿಯೂ ಇಲ್ಲ. ದೇಶವು ಯಾವುದಾದರೇನು, ಲೇಖನಿ ಯಾರ ಕೈಯಲ್ಲಿದೆಯೋ ಪೂರ್ವಿಕರೂ ಅವರ ಮನೆಯವರೇ ಆಗುತ್ತಾರೆ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ದುಃಖವಿದೆ. ಶರಾವತಿಗೆ 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟೂ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೂ ಆದುವು. ನಾಡಿಗೆ ಬೆಳಕು ಬಂದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದುವು. ಮುಳುಗಡೆಯ ಮನೆತನದ ಹುಡುಗಿಗೆ ಅಜ್ಜನ ಗದ್ದೆಯನ್ನು ತೋರಿಸಲು ತಂದೆಗೆ ಸಾಧ್ಯವಿಲ್ಲ. ಸರ್ವೆ ನಂಬರು ಪುಸ್ತಕದಲ್ಲಿದೆ, ನೆಲವು ಜಲಾಶಯದಲ್ಲಿದೆ. ಇಂತಹವರಿಗೆ ಭೂಸ್ವಾಧೀನದ ಕಡತಗಳು ಅಮೂಲ್ಯವಾದುವು. ನೆಲಕ್ಕೂ ಮನೆಗೂ ಮರಗಳಿಗೂ ಬೆಲೆ ಕಟ್ಟುವಾಗ ಮಾಡಿದ ಲೆಕ್ಕದಲ್ಲಿ, ಕಳೆದುಹೋದ ಒಂದು ಮನೆಯ ಚಿತ್ರವೇ ಉಳಿದಿರಬಹುದು. ಆದರೆ ಆ ಲೆಕ್ಕವೂ ಕಾಗದವಿದ್ದವರದು. ಕಾಗದವಿಲ್ಲದ ಒಕ್ಕಲಿಗೂ ಕೂಲಿಯವನಿಗೂ ಉಳಿದುದು ನೆನಪು ಮಾತ್ರ. ಮುಳುಗಿದ ಊರಿನ ಗದ್ದೆಗದ್ದೆಯ ಹೆಸರು, ಯಾವ ಮನೆಯ ಪಕ್ಕಕ್ಕೆ ಯಾವ ಮನೆ, ಯಾವ ಹಳ್ಳಕ್ಕೆ ಎಲ್ಲಿ ಸಂಕವಿತ್ತು ಎಂಬುದನ್ನು ಹೇಳಬಲ್ಲ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ಅಂದು ಇಪ್ಪತ್ತು ವರ್ಷದ ಸೊಸೆಯಾಗಿದ್ದವರಿಗೆ ಇಂದು ಎಂಬತ್ತು ದಾಟಿದೆ. ಈ ಕೆಲಸಕ್ಕೆ ನಾಳೆಯೆಂಬುದಿಲ್ಲ.

ಇತರರ ಪುಸ್ತಕಗಳ ದೋಷವನ್ನು ಹೇಳಿದ ಮೇಲೆ ನಮ್ಮ ಪುಸ್ತಕಗಳ ಮಾತನ್ನೂ ಹೇಳುವುದು ನ್ಯಾಯ. ಸಭೆಗಳ ದೀಕ್ಷಾಸ್ನಾನದ ರಿಜಿಸ್ಟರುಗಳಲ್ಲಿ ಮಗುವಿನ ತಂದೆಯೊಡನೆ ತಾಯಿಯ ಹೆಸರನ್ನೂ ಬರೆಯುವ ವಾಡಿಕೆಯಿರುವುದರಿಂದ, ಕ್ರೈಸ್ತ ಮನೆತನಗಳಲ್ಲಿ ತಾಯಂದಿರ ಸಾಲನ್ನು ಹಿಡಿಯುವುದು ಸ್ವಲ್ಪ ಸುಲಭ. ಆದರೆ 1872ರ ಕ್ರೈಸ್ತ ವಿವಾಹ ಕಾನೂನಿನ ನಮೂನೆಯಲ್ಲಿ ವಧೂವರರ ತಂದೆಯ ಹೆಸರಿಗೆ ಅಂಕಣವಿದೆ, ತಾಯಿಯ ಹೆಸರಿಗೆ ಇಲ್ಲ. ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿಯೂ ಬಹುಕಾಲ ತಂದೆ ಅಥವಾ ಪೋಷಕರ ಹೆಸರೇ ಸಾಕೆಂದಿತ್ತು. ಉದ್ಯೋಗದ ಅಂಕಣದಲ್ಲಿ ‘ಬೇಸಾಯ’ ಎಂಬ ಒಂದೇ ಮಾತು. ಹೆಣ್ಣುಮಕ್ಕಳಿಗಾಗಿಯೇ ನಡೆದ ಶಾಲೆಗಳ ಪುಸ್ತಕಗಳಲ್ಲಿಯೂ ಅವರ ತಾಯಂದಿರು ಹೊರಗೆ ನಿಂತಿದ್ದರು. ವೇದಪುಸ್ತಕವನ್ನು ಓದುವವರಿಗೆ ಇದು ಸಲ್ಲದು. ಮತ್ತಾಯನ ಸುವಾರ್ತೆಯ ಮೊದಲಿನ ವಂಶಾವಳಿಯಲ್ಲಿ ಇನ್ನೊಬ್ಬರ ಹೊಲದಲ್ಲಿ ಹಕ್ಕಲಾಯ್ದ ರೂತಳ ಹೆಸರಿದೆ. ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲವೆಂಬ ಕಾರಣದಿಂದ ನಮ್ಮ ತಂದೆಯ ಹೆಸರು ಕುಲದಿಂದ ಅಳಿಯಬೇಕೆ, ನಮಗೂ ಭೂಮಿಯಲ್ಲಿ ಪಾಲು ಬೇಕೆಂದು ಕೇಳಿದ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳ ಹೆಸರುಗಳೂ ಒಂದೊಂದಾಗಿ ಬರೆಯಲ್ಪಟ್ಟಿವೆ. ಅವರು ಕೇಳಿದುದು ನ್ಯಾಯವೆಂದೇ ಅಲ್ಲಿ ತೀರ್ಪಾಯಿತು.

ವಂಶದ ಹೆಸರಿಗೂ ಭೂಮಿಯ ಪಾಲಿಗೂ ಇರುವ ಈ ಸಂಬಂಧವು ಹಳೆಯ ಕಾಲದ ಮಾತಲ್ಲ. ಖಾತೆದಾರನು ತೀರಿಹೋದಾಗ ಪೌತಿ ಖಾತೆಗಾಗಿ ಮನೆಯವರು ವಂಶವೃಕ್ಷವನ್ನು ಬರೆದು ಹಾಜರುಪಡಿಸಬೇಕಾಗುತ್ತದೆ. ಆ ವೃಕ್ಷದಲ್ಲಿ ಗಂಡುಮಕ್ಕಳ ಕೊಂಬೆಗಳು ಎಲೆಬಿಟ್ಟು ನಿಂತಿರುತ್ತವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆಯನ್ನು ಬರೆಯುವ ಮೊದಲೇ ಕಡಿದಿರುವುದೂ ಉಂಟು. ಕಾನೂನು ಹಾಗೆ ಹೇಳುವುದಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾನೂನು ಮಾಡಿತು. 1956ರಲ್ಲಿ ಹಿಂದೂ ಉತ್ತರಾಧಿಕಾರದ ಕಾನೂನು ಬಂದಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಹಕ್ಕೆಂದು ಕರ್ನಾಟಕವು 1994ರಲ್ಲಿಯೂ, ಕೇಂದ್ರ ಸರಕಾರವು 2005ರಲ್ಲಿಯೂ ವಿಧಿಸಿದುವು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರದ ಕಾನೂನಿನಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಹೀಗಿರಲು, ವಂಶವೃಕ್ಷದಲ್ಲಿ ಮಗಳ ಹೆಸರನ್ನು ಬಿಡುವುದು ಮರೆವೆಂದು ಹೇಳಲಾಗದು.

ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ತಮ್ಮ ತಮ್ಮ ವಂಶವೃಕ್ಷವನ್ನು ಬರೆದು ತರಲು ಹೇಳಿದ್ದೆವು. ತಂದೆ, ಅಜ್ಜ, ಮುತ್ತಜ್ಜ ಎಂದು ನಾಲ್ಕೈದು ತಲೆಗಳನ್ನು ಬರೆದ ಮಕ್ಕಳೇ, ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದರೆ ಮುಖಮುಖ ನೋಡಿಕೊಂಡರು. ತಪ್ಪು ಮಕ್ಕಳದಲ್ಲ, ಮನೆಯಲ್ಲಿ ಯಾರೂ ಆ ಹೆಸರನ್ನು ಆಡಿರಲಿಲ್ಲ. ಮರಳಿ ಮನೆಗೆ ಹೋಗಿ ಕೇಳಿಬಂದವರಲ್ಲಿ ಕೆಲವರು ಹೊಸ ಸಂಗತಿಗಳನ್ನು ತಂದರು. ಅಜ್ಜಿಯ ತವರು ಯಾವ ಊರು, ಅಲ್ಲಿಂದ ಯಾವ ಭತ್ತದ ಬೀಜವನ್ನು ತಂದಳು, ಯಾವ ಬರಗಾಲದಲ್ಲಿ ಬೈನೆಯ ಹಿಟ್ಟನ್ನು ತಿಂದು ದಿನ ಕಳೆದರು ಎಂಬುದೆಲ್ಲ ಹೊರಗೆ ಬಂದಿತು. ಕಂದಾಯದ ಯಾವ ಪುಸ್ತಕದಲ್ಲಿಯೂ ಇವು ಸಿಕ್ಕುವುದಿಲ್ಲ. ಆದರೂ ಬೇಸಾಯದ ಚರಿತ್ರೆಯೆಂದರೆ ಇವೇ ಅಲ್ಲವೆ?

ಇಂತಹ ಶೋಧನೆಯಿಂದ ಕುಲಗರ್ವವು ಹೆಚ್ಚಬಹುದು, ಮುಗಿದ ವ್ಯಾಜ್ಯಗಳು ಮತ್ತೆ ಕೋರ್ಟಿಗೆ ಹೋಗಬಹುದು ಎಂದು ಕೆಲವು ಪೋಷಕರು ಅಂಜುತ್ತಾರೆ. ಅಂಜಿಕೆಯು ನಿರಾಧಾರವಾದುದಲ್ಲ. ಆದರೆ ಗರ್ವವು ಅರೆಬರೆ ತಿಳಿದವರಿಗೆ ಬರುವುದು. ನಾಲ್ಕು ಪುಸ್ತಕಗಳನ್ನು ನಿಜವಾಗಿ ಓದಿದವಳು, ತನ್ನ ಹಿರಿಯನು ಪಟೇಲನಾಗಿದ್ದರೆ ಅವನ ಗದ್ದೆಯನ್ನು ಉಳುತ್ತಿದ್ದವರು ಯಾರೆಂದು ಕೇಳದೆ ಇರಲಾರಳು; ಆ ಉತ್ತರವನ್ನು ಕಂಡವಳಿಗೆ ತಲೆ ಎತ್ತುವುದಕ್ಕಿಂತ ಬಾಗುವುದೇ ಸಹಜವಾಗುತ್ತದೆ. ವ್ಯಾಜ್ಯದ ಮಾತಾದರೆ, ಮುಚ್ಚಿಟ್ಟ ಹೆಸರುಗಳಿಂದ ಹುಟ್ಟಿದಷ್ಟು ವ್ಯಾಜ್ಯಗಳು ಬರೆದಿಟ್ಟ ಹೆಸರುಗಳಿಂದ ಹುಟ್ಟುವುದಿಲ್ಲ.

ಈಗ ಮಾಡಬೇಕಾದುದೇನು? ನಮ್ಮ ಹಿರಿಯ ವಿದ್ಯಾರ್ಥಿನಿಯರೂ, ಮದುವೆಯಾಗಿ ದೂರದೂರುಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರೂ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಇಟ್ಟುಕೊಳ್ಳಲಿ. ಎಡದ ಪುಟದಲ್ಲಿ ಕಾಗದವು ಹೇಳುವುದನ್ನು ಬರೆಯಲಿ: ಊರು, ಸರ್ವೆ ನಂಬರು, ಇಸವಿ, ಖಾತೆದಾರನ ಹೆಸರು. ಬಲದ ಪುಟದಲ್ಲಿ ಮನೆಯವರು ಹೇಳುವುದನ್ನು ಬರೆಯಲಿ: ಆಗ ಮನೆಯಲ್ಲಿದ್ದ ಹೆಂಗಸರು ಯಾರು, ಅವರ ತವರು ಯಾವುದು, ಗದ್ದೆಗೆ ಕರೆಯುತ್ತಿದ್ದ ಹೆಸರೇನು, ಗೇಣಿಯೆಷ್ಟು, ಆಳುಗಳಾರು. ಎರಡನ್ನೂ ಬೆರೆಸದೆ, ಯಾರಿಂದ ಕೇಳಿದುದು, ಯಾವ ದಿನ ಕೇಳಿದುದು ಎಂಬುದನ್ನು ತಪ್ಪದೆ ಗುರುತುಮಾಡಲಿ. ಎಡಕ್ಕೂ ಬಲಕ್ಕೂ ಹೊಂದದಿದ್ದಲ್ಲಿ ಅಳಿಸದೆ ಹಾಗೆಯೇ ಬಿಡಲಿ. ಮುಂದೆ ಓದುವವರು ವಿಚಾರಿಸಿಯಾರು.

ಪೋಷಕರಲ್ಲಿ ನಮ್ಮದು ಒಂದೇ ಪ್ರಾರ್ಥನೆ. ಮುಂದಿನ ಸಲ ವಂಶವೃಕ್ಷವನ್ನು ಬರೆಸುವ ಪ್ರಸಂಗ ಬಂದಾಗ, ಬರೆಯುವವರ ಪಕ್ಕದಲ್ಲಿ ಮನೆಯ ಹೆಣ್ಣುಮಗಳನ್ನು ಕುಳ್ಳಿರಿಸಿ ಓದಿಸಿಕೊಳ್ಳಿರಿ. ಅವಳು ನಿಮ್ಮ ಶುಲ್ಕದಿಂದಲೇ ಓದಲು ಕಲಿತವಳು. ತನ್ನ ಹೆಸರೂ, ತಾಯಿಯ ಹೆಸರೂ, ಅತ್ತೆಯಂದಿರ ಹೆಸರುಗಳೂ ಅದರಲ್ಲಿವೆಯೇ ಎಂದು ನೋಡಿ ಹೇಳಲಿ. ಇಲ್ಲದಿದ್ದರೆ ರುಜು ಹಾಕುವ ಮುಂಚೆಯೇ ಸೇರಿಸಿರಿ.